ಚಿತ್ರಾನ್ನದ ಕಾಲು

ನನ್ನ ಬೆಕ್ಕಿನ ಕಾಲು ಮುರಿದದ್ದು ನನ್ನ ಕೈಯಿಂದಲೇ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ನಮ್ಮ ಬೀದಿಯಲ್ಲಿ ಇದರ ಬಗ್ಗೆ ಬೇರೆ ಬೇರೆ ಕಥೆಗಳು ಹುಟ್ಟಿಕೊಂಡಿವೆ. ನಾಯಿ ಅಟ್ಟಿಸಿಕೊಂಡು ಬಂತಂತೆ, ಸ್ಕೂಟರ್ ಹಾಯಿತಂತೆ, ತಾರಸಿಯಿಂದ ಬಿತ್ತಂತೆ. ಅದೆಲ್ಲ ಏನೂ ಇಲ್ಲ. ನಮ್ಮ ಮನೆಯಲ್ಲಿ ಮಡಚುವ ಕಬ್ಬಿಣದ ಮಂಚವೊಂದಿದೆ. ಬಂದವರು ಎದ್ದು ಹೋದ ಮೇಲೆ ಅದನ್ನು ಮಡಚಿ ಗೋಡೆಗೆ ಒರಗಿಸುವುದು ನನ್ನ ಅಭ್ಯಾಸ. ಅವತ್ತು ಬೆಳಗ್ಗೆ ಯಾವ ಸಿಡುಕಿನಲ್ಲಿದ್ದೆನೋ, ಕೆಳಗೆ ಬಗ್ಗಿ ನೋಡದೆ ಒಂದೇ ಏಟಿಗೆ ಮಡಚಿದೆ. ಒಳಗಿಂದ ಬಂದ ಕೂಗು ಬೆಕ್ಕಿನದು ಎಂದು ತಿಳಿಯಲು ನನಗೆ ಎರಡು ಉಸಿರು ಹಿಡಿಯಿತು.

ಬೆಕ್ಕಿನ ಹೆಸರು ಚಿತ್ರಾನ್ನ. ಮೈಯೆಲ್ಲ ಹಳದಿ ಬಿಳಿ, ನಡುನಡುವೆ ಒಗ್ಗರಣೆಯ ಸಾಸಿವೆ ಚೆಲ್ಲಿದ ಹಾಗೆ ಕಪ್ಪು. ಇನ್ನೇನು ಹೆಸರಿಡಬೇಕಿತ್ತು, ನೀವೇ ಹೇಳಿ. ಹೆಸರಿಟ್ಟವರು ನನ್ನ ಗಂಡ ಓಂಕಾರಪ್ಪ. ಮನೆಯ ಮುಂದಿನ ಕೋಣೆಯಲ್ಲೇ ಅವರ ಗಡಿಯಾರ ರಿಪೇರಿ ಅಂಗಡಿ. ಒಂದು ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಬೆಳಗಿನಿಂದ ಸಂಜೆಯವರೆಗೆ ಅಲುಗಾಡದೆ ಕೂರುತ್ತಾರೆ. ಅವರ ಮೇಜಿನ ಮೂಲೆಯೇ ಚಿತ್ರಾನ್ನದ ಹಾಸಿಗೆ. ಮಂಚದ ಕೆಳಗೆ ಅದು ಯಾವತ್ತೂ ಮಲಗಿದ್ದಿಲ್ಲ. ಆವತ್ತೇ ಯಾಕೆ ಮಲಗಬೇಕಿತ್ತು ಎಂದು ಕೇಳಿಕೊಂಡು ನಾನು ಎಷ್ಟು ಸಲ ತಲೆ ಚಚ್ಚಿಕೊಂಡಿದ್ದೇನೋ ಲೆಕ್ಕವಿಲ್ಲ.

ನಮ್ಮೂರಲ್ಲಿ ಒಬ್ಬರ ನೋವನ್ನು ಇನ್ನೊಬ್ಬರು ತೆಗೆದುಕೊಳ್ಳುತ್ತಾರೆ. ಪರವೂರಿನವರಿಗೆ ಇದನ್ನು ಹೇಳಿದರೆ ಮಿಕಮಿಕ ನೋಡುತ್ತಾರೆ, ಅದಕ್ಕೇ ಹೇಳಲು ಹೋಗುವುದಿಲ್ಲ. ನೋಯುವ ಜಾಗದ ಮೇಲೆ ಬರಿಗೈ ಇಟ್ಟು ಇಪ್ಪತ್ತರವರೆಗೆ ಎಣಿಸಿದರೆ ಸಾಕು, ನೋವು ಅಂಗೈಗೆ ಬರುತ್ತದೆ. ಬಂದು, ನಮ್ಮ ಮೈಯಲ್ಲೂ ಅದೇ ಜಾಗ ಹುಡುಕಿಕೊಂಡು ಹೋಗಿ ಕೂರುತ್ತದೆ. ಒಂದು ಊಟದಿಂದ ಇನ್ನೊಂದು ಊಟದವರೆಗೆ ಅಲ್ಲಿರುತ್ತದೆ, ಆಮೇಲೆ ಉಳಿದಷ್ಟು ತನ್ನ ಯಜಮಾನರ ಬಳಿಗೆ ಹಿಂದಿರುಗುತ್ತದೆ. ಗಾಯ ಮಾತ್ರ ಇದ್ದಲ್ಲೇ ಇರುತ್ತದೆ, ಅದನ್ನು ಯಾರೂ ತೆಗೆದುಕೊಳ್ಳಲಾರರು. ಯಾರದಾದರೂ ಮನೆಯಲ್ಲಿ ಹೆರಿಗೆಯೋ ಮೂಳೆ ಮುರಿತವೋ ಆದರೆ ಅಕ್ಕಪಕ್ಕದವರು ಕೆಲಸ ಬಿಟ್ಟು ಹೋಗುತ್ತಾರೆ. ಇದಕ್ಕೆ ಪಾಲಿಗೆ ಹೋಗುವುದು ಎನ್ನುತ್ತೇವೆ. ಹಲ್ಲಿನ ಡಾಕ್ಟರ ಬಳಿ ಎರಡು ಕುರ್ಚಿಗಳಿವೆ, ಒಂದು ರೋಗಿಗೆ, ಇನ್ನೊಂದು ಪಾಲಿಗೆ ಬಂದವರಿಗೆ. ಮುದುಕಿಯರ ಮಂಡಿನೋವನ್ನು ಸೊಸೆಯರು ಸೋಮವಾರ ನಿನಗೆ, ಮಂಗಳವಾರ ನನಗೆ ಎಂದು ಹಂಚಿಕೊಂಡಿರುತ್ತಾರೆ. ಹೆಣ್ಣು ನೋಡಲು ಬಂದವರು ಅಡುಗೆ, ಹಾಡು ಎಲ್ಲ ಕೇಳಿ ಮುಗಿಸಿ ಕೊನೆಗೆ ತಗ್ಗಿದ ದನಿಯಲ್ಲಿ, ಹುಡುಗಿ ಎಷ್ಟು ತಡೆಯುತ್ತಾಳೆ ಎಂದು ಕೇಳುತ್ತಾರೆ.

ನನ್ನನ್ನು ನೋಡಲು ಬಂದಾಗ ನನ್ನಪ್ಪ ಹೆಮ್ಮೆಯಿಂದ, ನಮ್ಮ ಗಂಗಾಂಬಿಕೆ ಎಷ್ಟು ಬೇಕಾದರೂ ತಡೆಯುತ್ತಾಳೆ ಎಂದಿದ್ದರಂತೆ. ಸುಳ್ಳಲ್ಲ. ಈ ಕೈಯಲ್ಲಿ ಇಪ್ಪತ್ತೆರಡು ಹೆರಿಗೆಗಳ ನೋವು ತೆಗೆದುಕೊಂಡಿದ್ದೇನೆ. ಎದುರುಮನೆ ಪದ್ಮಾಸನಿಯ ಮಗಳಿಗೆ ಒಂದು ಹಗಲಿಡೀ ನೋವು ಬಂದಾಗ ಮೂವರು ಸುಸ್ತಾಗಿ ಎದ್ದು ಹೋದರು, ನಾನೊಬ್ಬಳೇ ಕೂತಿದ್ದೆ. ನನ್ನ ಅಣ್ಣನ ಮೂತ್ರಕೋಶದ ಕಲ್ಲಿನ ನೋವನ್ನು ತೆಗೆದುಕೊಂಡು ಮನೆಗೆ ಬಂದು ರೊಟ್ಟಿ ತಟ್ಟಿದ್ದೇನೆ. ಊರಲ್ಲಿ ಅಂಬಕ್ಕ ಎಂದರೆ ಗಟ್ಟಿಗಿತ್ತಿ ಎಂದು ಹೆಸರು, ಆ ಹೆಸರು ನನಗೆ ಒಳಗೊಳಗೇ ಬಹಳ ಇಷ್ಟ. ನನ್ನ ಗಂಡನದು ಮಾತ್ರ ಇದಕ್ಕೆ ತದ್ವಿರುದ್ಧ. ಇರುವೆ ಕಚ್ಚಿದರೂ ಕಣ್ಣಲ್ಲಿ ನೀರು. ಪಾಲಿಗೆ ಬನ್ನಿ ಎಂದು ಅವರನ್ನು ಯಾರೂ ಕರೆಯುವುದಿಲ್ಲ. ಮದುವೆಯಾದ ಹೊಸದರಲ್ಲಿ ನನಗೆ ಇದರಿಂದ ನಾಚಿಕೆಯಾಗುತ್ತಿತ್ತು, ಆಮೇಲಾಮೇಲೆ ಅಭ್ಯಾಸವಾಯಿತು.

ಸರಿ, ಬೆಕ್ಕನ್ನು ಟವೆಲಿನಲ್ಲಿ ಸುತ್ತಿ ಪಶು ಆಸ್ಪತ್ರೆಗೆ ಓಡಿದೆ. ಅಲ್ಲಿ ಡಾಕ್ಟರ್ ಶಮೀಮ್ ಎಂಬ ಹೆಂಗಸು, ಪರವೂರಿನವರು, ಬಂದು ಆರು ತಿಂಗಳಾಗಿತ್ತು, ಪಾಲಿಗೆ ಹೋಗುವುದನ್ನು ಕಣ್ಣಾರೆ ಕಂಡಿದ್ದರು. ಎಕ್ಸ್‌ರೇ ತೆಗೆದು ನೋಡಿದರು. ಬಲಗಡೆಯ ಹಿಂಗಾಲು, ಮಂಡಿಯ ಕೆಳಗೆ ಮುರಿದಿತ್ತು. ಪಟ್ಟಿ ಇಟ್ಟು ಕಟ್ಟಿದರು. "ಐದು ವಾರ ಪಂಜರದಲ್ಲಿಡಿ. ನೆಗೆಯೋಕೆ ಬಿಡಲೇಬಾರದು. ನೋವಿಗೆ ಸ್ವಲ್ಪ ಔಷಧಿ ಕೊಟ್ಟಿದೀನಿ, ಪೂರ್ತಿ ಹೋಗೋವಷ್ಟಲ್ಲ. ಸ್ವಲ್ಪ ನೋಯ್ತಾ ಇದ್ರೆ ತಾನೇ ಸುಮ್ನೆ ಮಲಗಿರುತ್ತೆ," ಎಂದರು. ಪಂಜರ ಎನ್ನುವ ಮಾತಿಗೇ ನನ್ನ ಕಿವಿ ಮುಚ್ಚಿಹೋಗಿತ್ತು. ಮಂಚದಲ್ಲಿ ಸಿಕ್ಕಿಸಿದ್ದು ಸಾಲದೆ ಪಂಜರದಲ್ಲಿ ಬೇರೆ ಹಾಕಲೇ?

ಮನೆಗೆ ಬಂದವಳೇ ಬಾಗಿಲು ಹಾಕಿಕೊಂಡು ಬೆಕ್ಕಿನ ಕಾಲ ಮೇಲೆ ಕೈಯಿಟ್ಟೆ. ನಮ್ಮೂರಲ್ಲಿ ಬೆಕ್ಕಿಗೆ ಯಾರೂ ಪಾಲಿಗೆ ಹೋಗುವುದಿಲ್ಲ. ಹೋಗಬಾರದು ಎಂದೇನಿಲ್ಲ, ಹೋಗುವುದಿಲ್ಲ ಅಷ್ಟೇ. ಇಪ್ಪತ್ತು ಎಣಿಸುವ ಹೊತ್ತಿಗೆ ನನ್ನ ಬಲಗಾಲಿಗೆ ಬಂತು ನೋಡಿ ಅದು, ನಾನು ನೆಲಕ್ಕೆ ಕೂತುಬಿಟ್ಟೆ. ಒಂದು ಹಿಡಿಯಷ್ಟಿರುವ ಪ್ರಾಣಿ ಇಷ್ಟು ನೋವನ್ನು ಎಲ್ಲಿ ಇಟ್ಟುಕೊಂಡಿತ್ತೋ ಎಂದು ಸಂಕಟವಾಯಿತು. ಆದರೆ ಸಂತೋಷವೂ ಆಯಿತು. ಚಿತ್ರಾನ್ನ ನಡುಗುವುದನ್ನು ನಿಲ್ಲಿಸಿ, ಆಕಳಿಸಿ, ಹಾಲು ಕುಡಿದು, ನನ್ನ ಮುಖ ನೋಡಿತು. ಮಾಡಿದ ತಪ್ಪಿಗೆ ದಾರಿ ಸಿಕ್ಕಿತು ಎಂದುಕೊಂಡೆ.

ಅಲ್ಲಿಂದ ಹತ್ತು ದಿನ ಮೂರು ಹೊತ್ತೂ ಇದೇ ಕೆಲಸ. ತಿಂಡಿಯಾದ ಮೇಲೆ ಒಂದು ಸಲ, ಮಧ್ಯಾಹ್ನದ ಊಟವಾದ ಮೇಲೆ ಒಂದು ಸಲ, ರಾತ್ರಿಯ ಊಟವಾದ ಮೇಲೆ ಒಂದು ಸಲ. ಕಾಲು ಮುರಿದದ್ದು ಬೆಕ್ಕಿಗೆ, ಕುಂಟುತ್ತಿದ್ದವಳು ನಾನು. ಬೆಕ್ಕು ಮೂರನೆಯ ದಿನ ಗಡಿಯಾರದ ಮೇಜು ಹತ್ತಿತು, ಐದನೆಯ ದಿನ ಬೀರುವಿನ ಮೇಲಿತ್ತು. ಪಟ್ಟಿ ಕಟ್ಟಿದ ಕಾಲನ್ನು ಠಕ್ ಠಕ್ ಎಂದು ಬಡಿಯುತ್ತಾ ಮನೆ ತುಂಬ ಓಡುವುದನ್ನು ಬಂದವರಿಗೆಲ್ಲ, ನೋಡಿ ಎಷ್ಟು ಬೇಗ ಚೇತರಿಸಿಕೊಂಡಿದೆ ಎಂದು ತೋರಿಸಿದೆ. ನನ್ನ ಗಂಡ ಮಾತ್ರ ಎರಡು ಸಲ ಮಸೂರ ತೆಗೆದು ನನ್ನ ಕಡೆ ನೋಡಿ, "ಅಷ್ಟೊಂದು ಓಡಾಡ್ಬೋದಾ ಅದು?" ಎಂದರು. ಇರುವೆಗೆ ಅಳುವವರ ಮಾತು ಯಾರು ಕೇಳುತ್ತಾರೆ.

ಹತ್ತನೆಯ ದಿನ ಡಾಕ್ಟರ್ ಮತ್ತೆ ಎಕ್ಸ್‌ರೇ ತೆಗೆದು, ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ನನ್ನನ್ನು ಹತ್ತಿರ ಕರೆದು ತೋರಿಸಿದರು. ಮೂಳೆಯ ಎರಡು ತುದಿಗಳು ಒಂದರ ಪಕ್ಕ ಒಂದು ಸರಿದು ನಿಂತಿದ್ದವು, ಜಗಳವಾಡಿದ ಓರಗಿತ್ತಿಯರ ಹಾಗೆ. "ಇದು ಪಂಜರದಲ್ಲಿತ್ತಾ?" ಎಂದು ಕೇಳಿದರು. ನಾನು ಬೆಕ್ಕಿನ ಟವೆಲು ಸರಿಮಾಡಿದೆ. "ಇಷ್ಟು ನೋವಲ್ಲಿ ಯಾವ ಬೆಕ್ಕೂ ನೆಗೆಯಲ್ಲ ಅಮ್ಮ. ನೀವು ಕುಂಟ್ಕೊಂಡು ಬಂದಾಗಲೇ ನನಗೆ ಅನುಮಾನ ಬಂತು. ತಗೊಂಡ್ರಾ?"

"ತಗೊಂಡೆ," ಎಂದೆ.

"ಪೂರ್ತಿನಾ?"

"ಪೂರ್ತಿ. ಮೂರೂ ಹೊತ್ತು."

ಆಕೆ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಕುರ್ಚಿ ಎಳೆದು ಕೂತು ಮೆಲ್ಲಗೆ ಹೇಳಿದರು. "ಮನುಷ್ಯರಿಗಾದ್ರೆ ನೋವು ಹೋದ್ರೂ ಬಾಯಲ್ಲಿ ಹೇಳಬಹುದು, ಕಾಲು ಊರಬೇಡ ಅಂತ. ಬೆಕ್ಕಿಗೆ ಅದನ್ನ ಹೇಳೋದು ನೋವೊಂದೇ. ಅದನ್ನೇ ನೀವು ಮನೆಯಿಂದ ಆಚೆ ಕಳಿಸಿಬಿಟ್ರಿ. ಇವತ್ತು ಇನ್ನೊಂದು ಸಲ ಮೂಳೆ ಕೂರಿಸಿ ಕಟ್ತೀನಿ. ಈ ಸಲ ಕೂಡದೇ ಇದ್ರೆ ಕಾಲು ತೆಗೀಬೇಕಾಗುತ್ತೆ. ನೋವು ಅದರದ್ದು, ಅದಕ್ಕೇ ಬಿಟ್ಬಿಡಿ." ಬಾಗಿಲವರೆಗೆ ಬಂದ ಮೇಲೆ ಇನ್ನೊಂದು ಮಾತು ಸೇರಿಸಿದರು. "ಕಷ್ಟ ಆಗುತ್ತೆ. ಅದಕ್ಕಲ್ಲ, ನಿಮಗೆ."

ಪಂಜರ ಬಂತು. ಓಂಕಾರಪ್ಪನವರೇ ಎಲ್ಲಿಂದಲೋ ಕೋಳಿಯ ಪಂಜರ ತಂದು, ತೊಳೆದು, ಒಳಗೆ ನನ್ನ ಹಳೆಯ ಸೀರೆ ಹಾಸಿ, ತಮ್ಮ ಮೇಜಿನ ಪಕ್ಕ ಇಟ್ಟರು. ನನ್ನ ಕೈಗಳನ್ನು ನಾನು ನಂಬುವಂತಿರಲಿಲ್ಲ. ಮೂವತ್ತು ವರ್ಷದ ಚಾಳಿ, ನೋವು ಕಂಡಲ್ಲಿ ಅವು ತಾವಾಗಿಯೇ ಹೋಗುತ್ತವೆ. ಅದಕ್ಕೆ ಟ್ರಂಕಿನಿಂದ ಅವರ ಚಳಿಗಾಲದ ಉಣ್ಣೆಯ ಕೈಗವಸು ತೆಗೆದು ಹಾಕಿಕೊಂಡೆ. ಹೊರಗೆ ನೆತ್ತಿ ಸುಡುವ ಬಿಸಿಲು. ಉಣ್ಣೆಯ ಕೈಗವಸಿನಲ್ಲಿ ಬೆಕ್ಕಿಗೆ ಮಾತ್ರೆ ನುಂಗಿಸುವುದು ಎಂದರೆ ಏನು ಎಂದು ನಾನು ಹೇಳಲಾರೆ. ನೀವು ಒಮ್ಮೆ ಪ್ರಯತ್ನಿಸಿ ನೋಡಿ.

ಮೊದಲ ನಾಲ್ಕು ದಿನಗಳನ್ನು ನೆನೆದರೆ ಈಗಲೂ ಬಾಯಿ ಒಣಗುತ್ತದೆ. ಮಧ್ಯಾಹ್ನದ ಮಾತ್ರೆಯ ಗುಣ ಇಳಿದ ಮೇಲೆ ಅದು ಅಳುತ್ತಿತ್ತು. ಜೋರಾಗಿ ಅಲ್ಲ, ಸಣ್ಣ ದನಿಯಲ್ಲಿ, ಒಂದೇ ಸಮನೆ. ನನ್ನನ್ನು ಕಂಡರೆ ಕಾಲನ್ನು ಸರಳಿನ ಹತ್ತಿರ ತರುತ್ತಿತ್ತು. ಹತ್ತು ದಿನ ಕೈಯಿಟ್ಟು ಕಲಿಸಿದ್ದೆನಲ್ಲ, ಇವಳು ಬಂದರೆ ನೋವು ಹೋಗುತ್ತದೆ ಎಂದು ಅದಕ್ಕೆ ಗೊತ್ತಾಗಿತ್ತು. ಈಗ ಯಾಕೆ ಕೈಯಿಡುವುದಿಲ್ಲ ಎನ್ನುವುದು ಮಾತ್ರ ಗೊತ್ತಿರಲಿಲ್ಲ. ನಾನು ಅಡುಗೆಮನೆಗೆ ಹೋಗಿ ಕೊಳಾಯಿ ಬಿಟ್ಟುಕೊಂಡು ನಿಲ್ಲುತ್ತಿದ್ದೆ, ಆ ದನಿ ಕೇಳದಿರಲಿ ಎಂದು. ಇಪ್ಪತ್ತೆರಡು ಹೆರಿಗೆ ತಡೆದವಳು ಒಂದು ಬೆಕ್ಕಿನ ಅಳು ತಡೆಯಲಾರದೆ ಹೋದೆ.

ಐದನೆಯ ದಿನ ಮಧ್ಯಾಹ್ನ ಸೋತುಹೋದೆ. ಒಂದು ಸಲ, ಅರ್ಧದಷ್ಟೇ, ಹತ್ತರವರೆಗೆ ಮಾತ್ರ ಎಣಿಸಿದರೆ ಏನಾಗುತ್ತದೆ ಎಂದುಕೊಂಡು ಬಲಗೈಯ ಕೈಗವಸು ಕಳಚಿ ಪಂಜರದ ಬಳಿ ಬಂದೆ. ನನ್ನ ಗಂಡ ಅಲ್ಲೇ ನೆಲದ ಮೇಲೆ ಕೂತಿದ್ದರು. ಮಡಿಲಲ್ಲಿ ಬಿಚ್ಚಿದ ಗೋಡೆ ಗಡಿಯಾರ. ಕೆಲಸ ಮಾಡುತ್ತಿರಲಿಲ್ಲ, ಬೆಕ್ಕಿನ ಕಡೆ ನೋಡುತ್ತಾ ಏನೋ ಹೇಳುತ್ತಿದ್ದರು. ಯಾವ ಚಕ್ರ ಯಾವುದನ್ನು ತಿರುಗಿಸುತ್ತದೆ ಎಂದು ವಿವರಿಸುತ್ತಿದ್ದರು ಎಂದು ಆಮೇಲೆ ತಿಳಿಯಿತು. ನನ್ನ ಬರಿಗೈ ನೋಡಿ ಬೇಡ ಎನ್ನಲಿಲ್ಲ. ಪಕ್ಕದ ಜಾಗ ತೋರಿಸಿ, "ಬಾ, ಕೂತ್ಕೋ," ಎಂದರು.

"ಕೂತ್ಕೊಂಡು ಏನ್ಮಾಡ್ಲಿ?"

"ಏನೂ ಮಾಡ್ಬೇಡ. ನೋಡ್ತಾ ಕೂತ್ಕೋ. ಅಷ್ಟೇ ಕೆಲ್ಸ."

"ನಿಮಗೆ ಹೆಂಗಾಗುತ್ತೆ ಇದು? ಇರುವೆ ಕಚ್ಚಿದ್ರೆ ಅಳೋರು ನೀವು."

ಅವರು ಒಂದು ತಿರುಪನ್ನು ಬೆರಳಲ್ಲಿ ಉರುಳಿಸಿದರು. "ನಿನ್ನ ಪಕ್ಕ ಮೂವತ್ತು ವರ್ಷದಿಂದ ಕೂತಿಲ್ವಾ ಅಂಬಾ," ಎಂದರು. "ನೀನು ಯಾರ್ಯಾರದ್ದೋ ತಗೊಂಡು ಬಂದು ಗೋಡೆ ಕಡೆ ತಿರುಗಿ ಮಲಗ್ತಿದ್ದೆ. ನಿಮ್ಮಣ್ಣನ ಕಲ್ಲಿನ ನೋವು ಬಂದಾಗ, ಸ್ವಲ್ಪ ಕೊಡು ಅಂತ ನಾನು ಕೈ ಚಾಚಿದ್ದೆ. ನಿಮ್ಮ ಕೈಲಾಗಲ್ಲ ಬಿಡಿ ಅಂದೆ ನೀನು. ಅದೂ ನಿಜವೇ. ಅದಕ್ಕೆ ಪಕ್ಕದಲ್ಲಿ ಕೂತ್ಕೊಳ್ಳೋದು ಕಲ್ತೆ. ಅದೂ ಮೊದ್ಲು ಕಷ್ಟ ಆಗ್ತಿತ್ತು."

ಆ ದಿನಗಳು ನನಗೆ ನೆನಪಿದ್ದವು. ಅವರು ಮಂಚದ ಪಕ್ಕ ಸ್ಟೂಲ್ ಹಾಕಿಕೊಂಡು ಹಳೆಯ ಪೇಪರ್ ಓದುತ್ತಿರುತ್ತಿದ್ದರು. ಹೆಂಡತಿ ಒದ್ದಾಡುತ್ತಿದ್ದರೆ ಪೇಪರ್ ಓದುತ್ತಾರಲ್ಲ ಎಂದು ನಾನು ಮನಸ್ಸಿನಲ್ಲೇ ಬೈದುಕೊಂಡದ್ದೂ ನೆನಪಿತ್ತು. ಪುಟ ತಿರುಗಿದ ಸದ್ದು ಒಮ್ಮೆಯಾದರೂ ಕೇಳಿದ್ದೆನೇ ಎಂದು ಯೋಚಿಸಿದೆ. ಕೇಳಿರಲಿಲ್ಲ. ನನಗೆ ಬಹಳ ನಾಚಿಕೆಯಾಯಿತು, ಈ ಸಲ ಅವರ ಬಗ್ಗೆ ಅಲ್ಲ. ಕೈಗವಸು ಮತ್ತೆ ಹಾಕಿಕೊಂಡು ಅವರ ಪಕ್ಕ ಕೂತೆ. ಬೆಕ್ಕು ಅಳುತ್ತಿತ್ತು, ನಾವು ನೋಡುತ್ತಿದ್ದೆವು, ಅವರು ಗಡಿಯಾರದ ಕಥೆ ಮುಂದುವರಿಸಿದರು. ಒಂದು ಗಂಟೆಯ ಮೇಲೆ ಅದು ತಲೆಯನ್ನು ಸರಳಿಗೆ ಒರಗಿಸಿ ನಿದ್ದೆಹೋಯಿತು. ಎದ್ದಾಗ ನನಗೆ ಯಾರ ನೋವೂ ಇಲ್ಲದೆಯೇ ಮೈಯೆಲ್ಲ ದಣಿದಿತ್ತು.

ಆಮೇಲಿನ ದಿನಗಳು ಸ್ವಲ್ಪ ಸಲೀಸಾದವು. ಅನ್ನಕ್ಕೆ ಮೀನಿನ ಸಾರು ಕಲೆಸಿ ಚಮಚದಲ್ಲಿ ತಿನ್ನಿಸುತ್ತಿದ್ದೆ. ನಮ್ಮ ಮನೆಯಲ್ಲಿ ಮೀನು ಬೇಯಿಸುವುದಿಲ್ಲ, ಹಿಂದಿನ ಬೀದಿಯಿಂದ ಬರುತ್ತಿತ್ತು. ದಿನಾ ಸೀರೆಯ ತುಂಡು ಬದಲಾಯಿಸಿ, ಒದ್ದೆ ಬಟ್ಟೆಯಲ್ಲಿ ಮೈ ಒರೆಸಿ, ಪಟ್ಟಿಯ ಅಂಚಿನಲ್ಲಿ ಕೆಂಪಾಗಿದೆಯೇ ಎಂದು ನೋಡುತ್ತಿದ್ದೆ. ಬೆಕ್ಕು ಪಂಜರದಲ್ಲಿ ಕಾಲು ಚಾಚಿ ಮಲಗಿರುತ್ತಿತ್ತು. ಕಾಲನ್ನು ಎಷ್ಟು ಜೋಪಾನ ಮಾಡುತ್ತಿತ್ತು ಎಂದರೆ, ಪಕ್ಕ ಬದಲಾಯಿಸುವುದಕ್ಕೆ ಮೊದಲು ಎರಡು ಸಲ ಯೋಚಿಸುತ್ತಿತ್ತು. ನೋವು ಹೇಳುತ್ತಿದೆ, ಬೆಕ್ಕು ಕೇಳುತ್ತಿದೆ ಎಂದು ನನಗೆ ನೆಮ್ಮದಿಯಾಯಿತು.

ತೊಂದರೆ ಬಂದದ್ದು ಊರಿನವರಿಂದ. ಅಂಬಕ್ಕನ ಬೆಕ್ಕು ನರಳುತ್ತಿದೆ, ಅಂಬಕ್ಕ ಕೈಗವಸು ಹಾಕಿಕೊಂಡು ಕೂತಿದ್ದಾಳೆ ಎಂಬ ಸುದ್ದಿ ಹರಡಿತು. ಅವಳ ಕೈ ಸತ್ತಿದೆಯಂತೆ ಎಂದರು ಕೆಲವರು. ಪಾಲಿಗೆ ಬರುವವರು ಶುರುವಾದರು. ಎಲ್ಲರಿಗೂ ಕಾಫಿ ಕೊಟ್ಟು, ಮೂಳೆಯ ವಿಷಯ ಹೇಳಿ, ಬೆಕ್ಕಿನ ಹತ್ತಿರ ಬಿಡದೆ ಕಳಿಸುವುದೇ ನನಗೆ ಕೆಲಸವಾಯಿತು. ಮೂರನೆಯ ವಾರದಲ್ಲಿ ಪದ್ಮಾಸನಿ ಬಂದಳು. ನಾನು ಕಾಫಿ ಸೋಸುತ್ತಿದ್ದೆ, ನನ್ನ ಗಂಡ ಗಿರಾಕಿಯ ಜೊತೆ ಬಾಗಿಲಲ್ಲಿದ್ದರು. ಲೋಟ ಹಿಡಿದು ಹೊರಗೆ ಬಂದರೆ ಪಂಜರದ ಬಾಗಿಲು ತೆರೆದಿದೆ, ಇವಳು ಕಾಲ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿ ಹದಿನೇಳು, ಹದಿನೆಂಟು ಎನ್ನುತ್ತಿದ್ದಾಳೆ.

ಲೋಟ ಎಲ್ಲಿ ಬಿತ್ತೋ ಗೊತ್ತಿಲ್ಲ. ನಾನು ತಲುಪುವಷ್ಟರಲ್ಲಿ ಚಿತ್ರಾನ್ನ ಮೈ ಮುರಿದು ಎದ್ದು, ಪಂಜರದಿಂದ ಹೊರಗೆ ಬಂದು, ಮೇಜಿನ ಮೇಲೆ ನೆಗೆಯಲು ಸೊಂಟ ಕುಗ್ಗಿಸಿತ್ತು. ನೆಲಕ್ಕೆ ಬಿದ್ದು ಎರಡೂ ಕೈಯಲ್ಲಿ ತಬ್ಬಿ ಹಿಡಿದೆ. ಅದು ಪರಚಿತು, ಕೈಗವಸಿನ ಉಣ್ಣೆ ಎಳೆಎಳೆಯಾಗಿ ಬಂತು, ಬಿಡಲಿಲ್ಲ. ಪಂಜರದೊಳಗೆ ತುಂಬಿ ಚಿಲಕ ಹಾಕಿದ ಮೇಲೆ ಪದ್ಮಾಸನಿಯ ಮೇಲೆ ತಿರುಗಿಬಿದ್ದೆ. ಬಾಯಿಗೆ ಬಂದದ್ದೆಲ್ಲ ಅಂದೆ. ಅವಳು ಬಲಗಾಲು ಹಿಡಿದುಕೊಂಡು ಗೋಡೆಗೆ ಒರಗಿ ಕೂತಿದ್ದಳು.

"ಬೈಯಿ," ಎಂದಳು. "ನನ್ನ ಮಗಳಿಗೆ ಒಂದು ಹಗಲು ಕೂತಿದ್ದೆ ನೀನು. ಏಳು ವರ್ಷ ಆಯ್ತು. ನಿನಗೆ ಏನಾದ್ರೂ ಮಾಡೋಣ ಅಂದ್ರೆ ನೀನು ಒಂದು ತಲೆನೋವಾದ್ರೂ ಕೊಟ್ಟಿದ್ಯಾ ಯಾರಿಗಾದ್ರೂ? ಈ ಊರಲ್ಲಿ ಎಲ್ಲರ ಮನೇಗೂ ಹೋಗಿದೀಯ. ನಿನ್ನ ಮನೇಗೆ ಬರೋಕೆ ದಾರೀನೇ ಇಟ್ಟಿಲ್ಲ. ಬೆಕ್ಕಾದ್ರೂ ಸಿಕ್ತು ಅಂತ ಬಂದೆ."

ನನ್ನ ಕೋಪ ಎಲ್ಲಿ ಹೋಯಿತೋ. ಚೆಲ್ಲಿದ ಕಾಫಿ ಒರೆಸಿ, ಅವಳಿಗೆ ಬೇರೆ ಕಾಫಿ ಕೊಟ್ಟೆ. ರಾತ್ರಿಯ ಊಟದವರೆಗೆ ಅವಳು ಕುಂಟಬೇಕಿತ್ತು, ಬೆಕ್ಕನ್ನು ಅಲ್ಲಿಯವರೆಗೆ ಯಾರಾದರೂ ಹಿಡಿದಿರಬೇಕಿತ್ತು. ಪಂಜರದೊಳಗೂ ಅದು ಗಿರಗಿರ ತಿರುಗುತ್ತಿತ್ತಲ್ಲ. ಅವಳು ಮನೆಗೆ ಹೋಗಲಿಲ್ಲ. ಇಡೀ ಮಧ್ಯಾಹ್ನ ನಾವಿಬ್ಬರೂ ಸರದಿಯ ಮೇಲೆ ಬೆಕ್ಕನ್ನು ಮಡಿಲಲ್ಲಿ ಸೀರೆಯಿಂದ ಸುತ್ತಿ ಹಿಡಿದು ಕೂತೆವು. ಅವಳಿಗೂ ಒಂದು ಜೊತೆ ಕೈಗವಸು ಹುಡುಕಿ ಕೊಟ್ಟೆ. ಆದದ್ದೇನೋ ಆಗಿಹೋಗಿತ್ತು. ಮೂಳೆ ಮತ್ತೆ ಸರಿದಿದೆಯೋ ಇಲ್ಲವೋ ಎಂದು ತಿಳಿಯಲು ಇನ್ನೂ ಎರಡು ವಾರ ಕಾಯಬೇಕಿತ್ತು. ಆ ಎರಡು ವಾರ ನನಗೆ ಅನ್ನ ಸೇರಲಿಲ್ಲ.

ಕೊನೆಯ ಎಕ್ಸ್‌ರೇಯ ದಿನ ನಾವು ಮೂವರೂ ಹೋದೆವು. ಡಾಕ್ಟರ್ ಶಮೀಮ್ ಅದನ್ನು ಬೆಳಕಿಗೆ ಹಿಡಿದಾಗ ನಾನು ಗೋಡೆಯ ಮೇಲಿನ ಹಸುವಿನ ಚಿತ್ರ ನೋಡುತ್ತಿದ್ದೆ. ಕಾಲು ತೆಗೆಯಬೇಕು ಎಂದರೆ ಒಪ್ಪಿಕೊಳ್ಳಬೇಕು, ಮೂರು ಕಾಲಲ್ಲಿ ಎಷ್ಟೋ ಬೆಕ್ಕುಗಳು ಬದುಕಿಲ್ಲವೇ ಎಂದು ಒಳಗೇ ಅಭ್ಯಾಸ ಮಾಡಿಕೊಳ್ಳುತ್ತಿದ್ದೆ. "ಬನ್ನಿ ನೋಡಿ," ಎಂದರು. ನಾನು ಹೋಗಲಿಲ್ಲ. ಓಂಕಾರಪ್ಪನವರು ಜೇಬಿನಿಂದ ಮಸೂರ ತೆಗೆದು ಕಣ್ಣಿಗಿಟ್ಟುಕೊಂಡು, ಗಡಿಯಾರ ನೋಡುವ ಹಾಗೆ ನೋಡಿದರು. "ಕೂತಿದೆ," ಎಂದರು. "ಸ್ವಲ್ಪ ಸೊಟ್ಟ. ಆದ್ರೆ ಕೂತಿದೆ." ಡಾಕ್ಟರ್ ನಕ್ಕು ಪಟ್ಟಿ ಬಿಚ್ಚಿದರು. ಪದ್ಮಾಸನಿ ಸೆರಗಿನಿಂದ ಮುಖ ಒರೆಸಿಕೊಂಡು, ಇಲ್ಲಿ ಎಷ್ಟು ಸೆಕೆ ಎಂದಳು.

ಮನೆಗೆ ಬಂದು ಬೆಕ್ಕನ್ನು ಗಡಿಯಾರದ ಮೇಜಿನ ಮೇಲೆ ಬಿಟ್ಟೆವು. ಕೂದಲು ಬೋಳಿಸಿದ ಕಾಲು, ಕಡ್ಡಿಯಷ್ಟು ಸಣ್ಣ. ನಾನು ಕೈಗವಸು ಕಳಚಿದೆ. ಬೆವರಿಗೆ ಬೆರಳುಗಳೆಲ್ಲ ಸುಕ್ಕುಗಟ್ಟಿದ್ದವು. ಆ ಕಾಲ ಮೇಲೆ ಅಂಗೈ ಇಟ್ಟು ಎಣಿಸಿದೆ. ಇಪ್ಪತ್ತಾಯಿತು. ಏನೂ ಬರಲಿಲ್ಲ. ಸರಿಯಾಗಿ ಇಟ್ಟಿಲ್ಲವೇನೋ ಎಂದು ಇನ್ನೊಂದು ಸಲ ಎಣಿಸಿದೆ. ಬೆಚ್ಚಗಿನ ಚರ್ಮ, ಅದರ ಕೆಳಗೆ ಕೂಡಿದ ಮೂಳೆಯ ಸಣ್ಣ ಗಂಟು, ಅಷ್ಟೇ.

"ಎಷ್ಟಿದೆ?" ಎಂದು ಅವರು ಕೇಳಿದರು.

"ಏನೂ ಇಲ್ಲ," ಎಂದೆ. ಹೇಳುತ್ತಿದ್ದಂತೆ ಅಳು ಬಂತು. ಕೈಯಿಟ್ಟು ಏನೂ ಸಿಗದೆ ಇಷ್ಟು ಸಂತೋಷಪಟ್ಟದ್ದು ನನ್ನ ಜೀವಮಾನದಲ್ಲಿ ಅದೇ ಮೊದಲು. ನಂಬಿಕೆ ಬಾರದೆ ಮೂರನೆಯ ಸಲ ಎಣಿಸತೊಡಗಿದೆ. ಚಿತ್ರಾನ್ನಕ್ಕೆ ಸಾಕಾಗಿಹೋಗಿತ್ತು. ಹನ್ನೊಂದಕ್ಕೆ ಬರುವಷ್ಟರಲ್ಲಿ ತಿರುಗಿ ನನ್ನ ಹೆಬ್ಬೆರಳಿನ ಬುಡಕ್ಕೆ ಹಲ್ಲೂರಿ, ಮೇಜಿನಿಂದ ಕೆಳಗಿಳಿದು, ಕೊಂಚ ಕುಂಟುತ್ತಾ ಬಿಸಿಲಿದ್ದ ಕಡೆ ಹೊರಟುಹೋಯಿತು.

ಬೆರಳಿನಿಂದ ರಕ್ತ ಬಂತು. ಕೊಳಾಯಿಯ ಕೆಳಗೆ ತೊಳೆದುಕೊಂಡು ಬಂದೆ, ಚೆನ್ನಾಗಿಯೇ ನೋಯುತ್ತಿತ್ತು. ಓಂಕಾರಪ್ಪನವರು ಮಸೂರ ಮೇಜಿನ ಮೇಲಿಟ್ಟು ಅಂಗೈ ಚಾಚಿದರು. ನಿಮ್ಮ ಕೈಲಾಗಲ್ಲ ಬಿಡಿ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ಹೆಬ್ಬೆರಳನ್ನು ಅವರ ಅಂಗೈಯಲ್ಲಿಟ್ಟೆ. ಅವರು ಮಗ್ಗಿ ಒಪ್ಪಿಸುವ ಹುಡುಗನ ಹಾಗೆ ಗಟ್ಟಿಯಾಗಿ ಎಣಿಸಿದರು. ಎಂಟಕ್ಕೆ ಮುಖ ಕಿವುಚಿದರು, ಹದಿಮೂರಕ್ಕೆ ಕಣ್ಣು ತುಂಬಿತು, ಇಪ್ಪತ್ತಕ್ಕೆ ಎದ್ದು ನಿಂತು ಕೈ ಒದರುತ್ತಾ ಅಂಗಡಿಯ ತುಂಬ ಓಡಾಡಿದರು. ನಾನು ನನ್ನ ಬೆರಳನ್ನು ನೋಡಿಕೊಂಡೆ. ಹಲ್ಲಿನ ಗುರುತು ಇತ್ತು, ನೋವಿರಲಿಲ್ಲ. ಬೇರೆಯವರಿಗೆಲ್ಲ ಹೀಗಿರುತ್ತಿತ್ತೇ ಎಂದು ಆಶ್ಚರ್ಯವಾಯಿತು.

ಅವತ್ತು ಊಟದವರೆಗೂ ಅವರು ಏನೂ ಆಗದ ಹೆಬ್ಬೆರಳಿಗೆ ಕರವಸ್ತ್ರ ಸುತ್ತಿಕೊಂಡು, ಬಂದ ಗಿರಾಕಿಗಳಿಗೆಲ್ಲ ಎತ್ತಿ ತೋರಿಸಿ, ಇದು ನನ್ನ ಹೆಂಡತಿಯದು ಎಂದು ಹೇಳಿದರು. ಊಟದ ಹೊತ್ತಿಗೆ ಅದು ನನ್ನ ಬಳಿಗೆ ಹಿಂದಿರುಗುವವರೆಗೆ ನಾನು ಒಂದು ಸಲವೂ ವಾಪಸ್ ಕೇಳಲಿಲ್ಲ.